ಸಭೆ ನಿಂತರೆ ನಷ್ಟ ಯಾರಿಗೆ?

ಬೊರಿವಲಿಯಿಂದ ಲೋಕಲ್ ಹತ್ತಿ ಮರೀನ್ ಲೈನ್ಸಿನಲ್ಲಿ ಇಳಿದರೆ ಸೇಂಟ್ ಝೇವಿಯರ್ಸ್ ಕಾಲೇಜಿಗೆ ನಡೆದೇ ಹೋಗಬಹುದು. 2025ರ ಆಗಸ್ಟ್ 9ರಂದು ಆ ಕಾಲೇಜಿನ ಒಂದು ಉಪನ್ಯಾಸ ನಡೆಯಬೇಕಾಗಿತ್ತು, ನಡೆಯಲಿಲ್ಲ. ಅದರ ವಿಷಯವೇನು ಗೊತ್ತೇ? ಹೊಟ್ಟೆಪಾಡಿಗಾಗಿ ಊರು ಬಿಡುವವರ ಪಾಡು! ಕುಂದಾಪುರ, ಕಾರ್ಕಳ, ಪುತ್ತೂರುಗಳಿಂದ ಬಂದು ಇಲ್ಲಿ ಲೋಟ ತೊಳೆದ ನಮಗಿಂತ ಹೆಚ್ಚಾಗಿ ಅದು ಇನ್ನಾರಿಗೆ ಸಂಬಂಧಪಟ್ಟದ್ದು?

ಆ ಉಪನ್ಯಾಸವನ್ನು ಇಟ್ಟದ್ದು ಸ್ಟ್ಯಾನ್ ಸ್ವಾಮಿಯವರ ಸ್ಮರಣೆಗೆ. ಆದಿವಾಸಿಗಳ ನಡುವೆ ದುಡಿದ ಈ ಪಾದ್ರಿಗಳು ಹಿಂದೆ ಬೆಂಗಳೂರಿನಲ್ಲಿಯೂ ವರ್ಷಗಟ್ಟಲೆ ಇದ್ದವರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರಲ್ಲಿ ಬಂಧಿತರಾಗಿ, ಮೊಕದ್ದಮೆಯ ವಿಚಾರಣೆ ಆರಂಭವಾಗುವ ಮೊದಲೇ, 2021ರ ಜುಲೈ 5ರಂದು ಮುಂಬಯಿಯ ಆಸ್ಪತ್ರೆಯಲ್ಲಿ 84ನೆಯ ವಯಸ್ಸಿಗೆ ತೀರಿಕೊಂಡರು. ಇಂತಹ ಆರೋಪ ಹೊತ್ತವರ ಹೆಸರಿನಲ್ಲಿ ಉಪನ್ಯಾಸ ಸಲ್ಲದೆಂದು ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್ತು ಆಕ್ಷೇಪಿಸಿತು; ಕಾಲೇಜು ಕಾರ್ಯಕ್ರಮವನ್ನು ಕೈಬಿಟ್ಟಿತು.

ಆಕ್ಷೇಪಿಸುವುದು ಅವರ ಹಕ್ಕು. ಪತ್ರ ಬರೆಯಲಿ, ಬಾಗಿಲಲ್ಲಿ ನಿಂತು ಕರಪತ್ರ ಹಂಚಲಿ, ಒಳಗೆ ಬಂದು ಎದ್ದು ನಿಂತು ಪ್ರಶ್ನೆ ಹಾಕಲಿ. ಸಭೆಯೇ ಕೂಡದೆಂದಾಗ ನಷ್ಟವಾದದ್ದು ತೀರಿಕೊಂಡ ಪಾದ್ರಿಗಳಿಗಲ್ಲ, ಕೇಳಲಿದ್ದ ಹುಡುಗರಿಗೆ. ಹೊಟೇಲಿನ ಕೆಲಸಗಾರರ ಮಕ್ಕಳೂ ಇಂದು ಕಾಲೇಜುಗಳಲ್ಲಿ ಕೂತಿದ್ದಾರೆ, ಮರೆಯಬೇಡಿ. ಹೆದರಿದ ಕಾಲೇಜನ್ನೂ ನಾವು ಮೆಚ್ಚಲಾರೆವು.

ಇದು ಒಂದೇ ಪಕ್ಷದವರ ಚಾಳಿ ಎಂದು ತಿಳಿಯುವುದೂ ತಪ್ಪು. ನಮ್ಮ ಕನ್ನಡಿಗರೇ ಇದಕ್ಕಿಂತ ಕೆಟ್ಟದ್ದನ್ನು ಮಾಡಿ ತೋರಿಸಿದ್ದಾರೆ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ಬೂಸಾ ಎಂದರೆ ದನಕ್ಕೆ ಹಾಕುವುದು. ಕನ್ನಡದಲ್ಲಿ ನಾಲ್ಕು ಅಕ್ಷರ ಬರೆಯುವ ನಮಗೂ ಆ ಮಾತು ಕಹಿಯೇ. ಆದರೆ ದಲಿತರಾದ ಅವರ ಮಾತಿನ ಹಿಂದೆ, ಈ ಸಾಹಿತ್ಯದಲ್ಲಿ ನಮ್ಮವರ ಬದುಕು ಎಲ್ಲಿದೆ ಎಂಬ ಪ್ರಶ್ನೆ ಇತ್ತು. ಕಾಲೇಜು ಹುಡುಗರು ಉತ್ತರ ಕೊಡಲಿಲ್ಲ, ಬೀದಿಗಿಳಿದರು. ಮಂತ್ರಿಗೆ ಎದುರು ಹೇಳಲಾಗದೆ ದಲಿತ ವಿದ್ಯಾರ್ಥಿಗಳನ್ನು ಹೊಡೆದರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಪ್ರಶ್ನೆ ಮಾತ್ರ ಹೋಗಲಿಲ್ಲ. ಮುಂದಿನ ವರ್ಷಗಳಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದವರು ಅದನ್ನೇ ಊರೂರಿಗೆ ಒಯ್ದರು.

ನಮ್ಮನ್ನು ನೋಯಿಸುವ ಮಾತಿಗೂ ಇದೇ ನ್ಯಾಯವೇ ಎಂದು ಬೊರಿವಲಿಯ ಗೆಳೆಯರು ಕೇಳುತ್ತಾರೆ. ಆ ಮಾತಿನ ರುಚಿ ನಮಗೆ ಗೊತ್ತಿದೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ನಡೆದ ಭಾಷಣಗಳನ್ನೂ ಉಡುಪಿ ಹೊಟೇಲುಗಳ ಮೇಲೆ ಬಿದ್ದ ಕಲ್ಲುಗಳನ್ನೂ ಹಿರಿಯರ ಬಾಯಿಂದ ಕೇಳಿದ್ದೇವೆ. ಕಲ್ಲಿಗೆ ಪೋಲೀಸರು ಬೇಕು. ಹೊಡೆಯಿರಿ ಎಂದು ಗುಂಪನ್ನು ಛೂ ಬಿಡುವವರಿಗೆ ಕಾನೂನು ಬೇಕು. ಸಂವಿಧಾನದ 19ನೆಯ ವಿಧಿಯೇ ಅದಕ್ಕೆ ಅವಕಾಶ ಕೊಟ್ಟಿದೆ. ಹೊರಗಿನವರು ಎಂದು ಬರಿದೆ ಹಳಿದವರಿಗೆ ನಾವೇ ಬಾಯಿ ತೆರೆದು ಉತ್ತರ ಹೇಳಬೇಕು.

ಗಿರಣಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯು ಗಿರಣಿಯವರ ಪರವಾಗಿ ಮಾತಾಡುವ ಅಧಿಕಾರವನ್ನು ಮಾನ್ಯತೆ ಪಡೆದ ಒಂದೇ ಯೂನಿಯನ್ನಿಗೆ ಕೊಟ್ಟಿತ್ತು. ಉಳಿದವರ ಬಾಯಿಗೆ ಬೀಗ. ಕೂಲಿ, ಬೋನಸಿನ ಸಂಕಟದ ಜೊತೆಗೆ ಆ ಸಿಟ್ಟೂ ಸೇರಿ 1982ರ ಜನವರಿ 18ರಂದು ಎರಡು ಲಕ್ಷಕ್ಕೂ ಮಿಕ್ಕಿ ಕೆಲಸಗಾರರು ಮುಷ್ಕರಕ್ಕಿಳಿದರು.

ನಮ್ಮ ಸಮಿತಿಗೆ ಒಂದು ಸೂಚನೆ. ಕಾಲೇಜಿನವರು ಕೈಬಿಟ್ಟ ಆ ವಿಷಯದ ಮೇಲೆಯೇ ಬೊರಿವಲಿಯಲ್ಲಿ ಒಂದು ಸಭೆ ಕರೆಯೋಣ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಮೂರರಿಂದ ಐದರವರೆಗೆ ಸಾಕು. ಆಕ್ಷೇಪವಿರುವ ವಿದ್ಯಾರ್ಥಿಗಳನ್ನೂ ಕರೆಯೋಣ. ಕೊನೆಯ ಅರ್ಧ ಗಂಟೆ ಅವರ ಪ್ರಶ್ನೆಗಳಿಗೆ ಇರಲಿ. ಚಹಾ ಮಾಡುವವರನ್ನು ಹುಡುಕಬೇಕಾಗಿಲ್ಲ.