ಬೇಸಿಗೆಗೆ ಸಿಂಗಪುರ, ಬ್ಯಾಡಗಿಗೆ ಯಾರು?



ಬೇಸಿಗೆ ಬಂತೆಂದರೆ ಸಾಕು, ನಿಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳ ನೋಟೀಸು ಬೋರ್ಡಿನಲ್ಲಿ ವಿಮಾನದ ಚಿತ್ರ ಹಾರತೊಡಗುತ್ತದೆ. ಸಿಂಗಪುರದಲ್ಲಿ ಆರು ವಾರ, ದುಬೈಯಲ್ಲಿ ಎಂಟು ವಾರ, ಜರ್ಮನಿಯಲ್ಲಿ ಎರಡು ತಿಂಗಳು! ಇಂಟರ್ನ್‌ಶಿಪ್ ಎಂದು ಅದರ ಹೆಸರು. ಎಂ.ಬಿ.ಎ. ಮೊದಲ ವರ್ಷ ಮುಗಿಸಿದವರು ಎರಡನೇ ವರ್ಷ ಶುರುವಾಗುವ ಮುಂಚೆ ಯಾವುದಾದರೂ ಕಂಪನಿಯಲ್ಲಿ ಪಳಗಿ, ಒಂದು ವರದಿ ಬರೆದು ಒಪ್ಪಿಸಬೇಕು. ಪದ್ಧತಿ ಒಳ್ಳೆಯದೇ. ತಿದಿ ಒತ್ತದೆ ಯಾವನೂ ಕಮ್ಮಾರನಾಗಲಿಲ್ಲ.

ಪರದೇಶಕ್ಕೆ ಹೋಗಲೇಬೇಡಿ ಎಂದು ವಟಗುಟ್ಟುವ ಬಾವಿಯ ಕಪ್ಪೆ ನಾನಲ್ಲ. ಬುದ್ಧಿಯಿಂದ ಗಳಿಸಿ ಹೋಗುವವನಿಗೆ ನಮ್ಮ ಅಣ್ಣಿಗೇರಿಯ ಅಮೃತೇಶ್ವರನ ಗುಡಿಯಲ್ಲಿ ನಾನೇ ಕಾಯಿ ಒಡೆಸುತ್ತೇನೆ. ನನ್ನ ತಕರಾರು ಇರುವುದು ದುಡ್ಡು ಕೊಟ್ಟು ಕೊಳ್ಳುವ ಕಲಿಕೆಯ ಮೇಲೆ; ಅದಕ್ಕಿಂತ ಹೆಚ್ಚಾಗಿ, ಆ ವಿಮಾನದ ಸದ್ದಿನಲ್ಲಿ ಮುಚ್ಚಿಹೋಗುತ್ತಿರುವ ನಮ್ಮ ನೆಲದ ಬಾಗಿಲುಗಳ ಮೇಲೆ.

ಇಂಥದೊಂದು ಏಜೆನ್ಸಿಯವರು ಹೋದ ವರ್ಷ ನಮ್ಮ ಪ್ರೆಸ್ಸಿಗೆ ಕರಪತ್ರ ಹಾಕಿಸಲು ಬಂದಿದ್ದರು. ಹೆಸರು ಬೇಡ. ಪೂರಾ ಇಂಗ್ಲಿಷು. ಗಾಜಿನ ಕಟ್ಟಡ ಇತ್ತು, ಟೈ ಕಟ್ಟಿದ ಹುಡುಗ ಇದ್ದ, ಸರ್ಟಿಫಿಕೇಟಿನ ನಮೂನೆಯೂ ಇತ್ತು. ಫೀ ಎಷ್ಟು ಎಂಬುದೊಂದೇ ಇರಲಿಲ್ಲ. "ಎರಡು ಸಾಲಾದ್ರೂ ಕನ್ನಡದಾಗ ಹಾಕ್ರಿ ಸರ, ರೊಕ್ಕ ಕಟ್ಟೋ ಅಪ್ಪ-ಅವ್ವ ಓದಬೇಕಲ್ರೀ" ಎಂದೆ. "ಕನ್ನಡ ಹಾಕಿದ್ರ ಸ್ಟ್ಯಾಂಡರ್ಡ್ ಹೋಗ್ತದರೀ" ಎಂದರು! ಹೊಲ ಒತ್ತೆಯಿಟ್ಟು ರೊಕ್ಕ ಕಟ್ಟುವವನಿಗೆ ಅರ್ಥವಾಗಬಾರದು ಎಂಬುದೇ ಆ ಸ್ಟ್ಯಾಂಡರ್ಡಿನ ಗುಟ್ಟು.

ಹೋಗುವುದೇ ಆದರೆ ಕಣ್ಣು ತೆರೆದು ಹೋಗಿ. ಅಮೇರಿಕದ ಮಾತು ತೆಗೆದುಕೊಳ್ಳಿ. ಅಲ್ಲಿ ಇಂಟರ್ನ್ ಆಗುವ ವಿದೇಶಿ ವಿದ್ಯಾರ್ಥಿಗೆ ಜೆ-1 ಎಂಬ ವೀಸಾ ಉಂಟು. ಅದಕ್ಕೆ ಡಿ.ಎಸ್.-7002 ಎಂಬ ಫಾರಂ ತುಂಬಬೇಕು. ಏನು ಕಲಿಸುತ್ತೇವೆ, ಯಾರು ಕಲಿಸುತ್ತಾರೆ, ಎಷ್ಟು ದಿನ ಎಂಬುದನ್ನು ಅದರಲ್ಲಿ ಬರೆದು ಪ್ರಾಯೋಜಕರು, ಕಂಪನಿ ಮತ್ತು ವಿದ್ಯಾರ್ಥಿ ಮೂವರೂ ಸಹಿ ಹಾಕಬೇಕು. ಗುಮಾಸ್ತಿಕೆ ಶೇ. 20ನ್ನು ಮೀರುವಂತಿಲ್ಲ ಎಂಬುದು ಅವರದೇ ನಿಯಮ. ಈ ಕಾಗದ ತೋರಿಸದೆ "ಟೂರಿಸ್ಟ್ ವೀಸಾದ ಮೇಲೆ ಹೋಗಿಬಿಡಿ, ಎಲ್ಲಾ ನಡೀತದ" ಎನ್ನುವವನು ನಿಮ್ಮನ್ನು ಕಲಿಯಲು ಕಳಿಸುತ್ತಿಲ್ಲ, ಸಿಕ್ಕಿಬೀಳಲು ಕಳಿಸುತ್ತಿದ್ದಾನೆ.

ಇನ್ನೊಂದು ವಿಚಿತ್ರ ನೋಡಿ. ನಮ್ಮ ಹುಡುಗರು ರೊಕ್ಕ ಕಟ್ಟಿ ಅತ್ತ ಹೋಗಲು ಹವಣಿಸುತ್ತಿರುವಾಗ ಅತ್ತಲಿನವರು ಇತ್ತ ಬರುತ್ತಿದ್ದಾರೆ. ಇನ್ಫೋಸಿಸ್ ಕಂಪನಿ 1999ರಲ್ಲಿ ಇನ್‌ಸ್ಟೆಪ್ ಎಂಬ ಯೋಜನೆ ಆರಂಭಿಸಿತು. ಅಮೇರಿಕ, ಯುರೋಪುಗಳ ಹೆಸರಾಂತ ವಿಶ್ವವಿದ್ಯಾಲಯಗಳ ಹುಡುಗರು ಅದರ ಮೂಲಕ ಬೆಂಗಳೂರಿಗೆ ಬಂದು ಕೆಲಸ ಕಲಿತರು. ಕೈಯಿಂದ ಕೊಟ್ಟಲ್ಲ, ಭತ್ಯೆ ಪಡೆದು! ಜಗತ್ತೇ ಕಲಿಯಲು ಬರುವ ಊರು ನಮ್ಮದೇ ಆಗಿರುವಾಗ ಹಾವೇರಿಯ ಹುಡುಗಿಗೆ, ನವಲಗುಂದದ ಹುಡುಗನಿಗೆ ಅದೇ ಗೇಟಿನೊಳಗೆ ಎರಡು ತಿಂಗಳ ಜಾಗ ಎಷ್ಟು ಸಿಕ್ಕಿದೆ? ಬೆಂಗಳೂರಿನ ಒಂದೊಂದು ದೊಡ್ಡ ಕಂಪನಿಯನ್ನೂ ಈ ಪ್ರಶ್ನೆ ಕೇಳಬೇಕು. ಕೇಳಬೇಕಾದವರು ನೀವು.

ಯಾಕೆಂದರೆ ಇಂಟರ್ನ್‌ಶಿಪ್ ಎಂಬುದು ಬರೀ ಪಾಠವಲ್ಲ, ನೌಕರಿಯ ಹಿಂಬಾಗಿಲು. ಬೇಸಿಗೆಯಲ್ಲಿ ಒಳಗೆ ಕೂತವನಿಗೇ ಮುಂದೆ ಕರೆದು ಕುರ್ಚಿ ಕೊಡುತ್ತಾರೆ. 2024ರ ಜುಲೈ ನೆನಪಿದೆಯೇ? ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ 15ರಂದು ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಹುಯಿಲೆಬ್ಬಿಸಿದರು. 17ಕ್ಕೆಲ್ಲ ಅದನ್ನು ತಡೆಹಿಡಿಯಲಾಯಿತು. ಎರಡೇ ದಿನ! ಸಂತೆಯಲ್ಲಿ ಕೊಂಡ ಬದನೆಕಾಯಿ ಕೂಡ ಅದಕ್ಕಿಂತ ಹೆಚ್ಚು ತಡೆಯುತ್ತದೆ. ಅವರ ವಾದವೇನು? "ಸ್ಥಳೀಯರಲ್ಲಿ ಕೌಶಲ ಉಳ್ಳವರು ಸಾಕಷ್ಟು ಸಿಗುವುದಿಲ್ಲ." ಸ್ವಾಮಿ, ಈಜು ಬಾರದವನಿಗೆ ಕೆರೆಗೆ ಇಳಿಯಲು ಬಿಡುವುದಿಲ್ಲ, ಕೆರೆಗೆ ಇಳಿಯದವನಿಗೆ ಈಜು ಬಾರದು ಎಂದು ದೂರುತ್ತೀರಿ!

ಧಾರವಾಡ ಉತ್ತರದ ಸಂಸದೆಯಾಗಿದ್ದ ಡಾ. ಸರೋಜಿನಿ ಮಹಿಷಿಯವರ ಸಮಿತಿ 1986ರಲ್ಲೇ 58 ಶಿಫಾರಸುಗಳ ವರದಿ ಕೊಟ್ಟಿತ್ತು. ಆಗ ಹುಟ್ಟಿದ ಮಕ್ಕಳ ತಲೆಗೂದಲು ಈಗ ನೆರೆಯುತ್ತಿದೆ. ಹುದ್ದೆಯ ಲೆಕ್ಕವನ್ನು ನಾವು ಇಷ್ಟು ವರ್ಷ ಕೇಳಿದ್ದಾಯಿತು. ಇನ್ನು ಹುದ್ದೆಗೆ ಮುಂಚಿನ ಆ ಎರಡು ತಿಂಗಳ ಲೆಕ್ಕವನ್ನೂ ಕೇಳಬೇಕು.

ಈಗ ಬ್ಯಾಡಗಿಗೆ ಬನ್ನಿ. ಹುಬ್ಬಳ್ಳಿಯಿಂದ ಬೆಂಗಳೂರು ರೈಲು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು, ಅದೇ ಬ್ಯಾಡಗಿ ಮೆಣಸಿನಕಾಯಿಯ ಹೆಚ್ಚುಗಾರಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಾಯಿಂದ ಓಲಿಯೊರೆಸಿನ್ ಎಂಬ ಕೆಂಪು ರಸ ತೆಗೆಯುತ್ತಾರೆ. ಅದು ಹಡಗು ಹತ್ತಿ ಪರದೇಶದ ತಿಂಡಿಗೂ ತುಟಿಬಣ್ಣಕ್ಕೂ ಹೋಗುತ್ತದೆ. ಅಂದರೆ ನೀವು ರೊಕ್ಕ ಸುರಿದು ನೋಡಲು ಹೊರಟ ಅಂತರರಾಷ್ಟ್ರೀಯ ವ್ಯಾಪಾರ ಇಲ್ಲಿ ಗೋಣಿಚೀಲದೊಳಗೆ ಕೂತಿದೆ!

ಆ ಊರಿನ ಎ.ಪಿ.ಎಂ.ಸಿ. ಯಾರ್ಡಿನಲ್ಲಿ 2024ರ ಮಾರ್ಚ್ 11ರಂದು ಏನಾಯಿತು? ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ವಾರದೊಳಗೆ ದರ ಯಾಕೆ ಬಿತ್ತು? ಆವಕ ಹೆಚ್ಚಿ ಬಿತ್ತೋ, ತೇವದಿಂದ ಬಿತ್ತೋ, ಶೀತಲಗೃಹದ ಹಳೇ ಮಾಲಿನಿಂದಲೋ, ಖರೀದಿದಾರರು ಒಳಗೊಳಗೇ ಮಾತಾಡಿಕೊಂಡದ್ದರಿಂದಲೋ? ಟೆಂಡರಿನ ದರ ಚೀಟಿ ಕೈಗೆ ಬರುವವರೆಗೂ ರೈತನಿಗೆ ಏನೂ ತಿಳಿಯದಿರುವುದು ಯಾಕೆ? ಇದು ಮ್ಯಾನೇಜ್‌ಮೆಂಟ್ ಪ್ರಶ್ನೆಯಲ್ಲದೆ ಮತ್ತೇನು? ನಮ್ಮ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಿಂದ ನಾಲ್ಕು ಹುಡುಗರು ಆ ಬೇಸಿಗೆಯಲ್ಲಿ ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ಕಿರ್ದಿ-ಖಾತೆ ನೋಡಿದ್ದರೆ, ಹಮಾಲರ ಜತೆ ಚಹಾ ಕುಡಿದು ವಿಚಾರಿಸಿದ್ದರೆ, ಮರುವರ್ಷದ ರೈತನಿಗೆ ಅದರಿಂದ ಉಪಯೋಗವಾಗುತ್ತಿತ್ತು. ಆದರೆ ಅದಕ್ಕೆ ಕನ್ನಡ ಬೇಕು. ಎದುರಿನ ರೈತ ಅರ್ಧ ವಾಕ್ಯದಲ್ಲಿ ನುಂಗಿಕೊಂಡದ್ದನ್ನೂ ಕೇಳಿಸಿಕೊಳ್ಳುವ ಕನ್ನಡ.

ಈ ಎರೆ ಹೊಲಕ್ಕೆ ಜಗತ್ತಿನ ಪೇಟೆ ಹೊಸದೇನಲ್ಲ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೇರಿಕದ ತೋಟಗಾರರನ್ನು ಕರೆತಂದು ಧಾರವಾಡ ಸೀಮೆಯಲ್ಲಿ ಅವರ ಹತ್ತಿಯನ್ನು ಬೆಳೆಸಿತು. "ಧಾರವಾಡ-ಅಮೇರಿಕನ್" ಎಂಬ ಹೆಸರಿನಿಂದ ಅದು ಇಂಗ್ಲೆಂಡಿಗೆ ಹೋಯಿತು. 1861ರಲ್ಲಿ ಅಮೇರಿಕದವರು ತಮ್ಮತಮ್ಮಲ್ಲೇ ಯುದ್ಧಕ್ಕಿಳಿದಾಗ ಇಲ್ಲಿ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ನಿಂತ ಮೇಲೆ ಇಳಿಯಿತು. ಎಲ್ಲೋ ನಡೆದ ಕಾಳಗಕ್ಕೆ ಇಲ್ಲಿ ದರ ಏರುವುದನ್ನೂ ಬೀಳುವುದನ್ನೂ ನಮ್ಮ ಮುತ್ತಜ್ಜಂದಿರು ಯಾವ ಸರ್ಟಿಫಿಕೇಟೂ ಇಲ್ಲದೆ ಅನುಭವಿಸಿದ್ದರು.

ದೊಡ್ಡ ವಿದ್ಯೆಯವರು ಇಂಥದನ್ನು ಮುಟ್ಟುವುದಿಲ್ಲ ಎನ್ನುವಿರಾ? ಬೆಂಗಳೂರಿನ ಐ.ಐ.ಎಂ. 1973ರಲ್ಲಿ ಆರಂಭವಾಯಿತು. ಅದರ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರು ಯಾವುದರ ಅಧ್ಯಯನಕ್ಕೆ ಹೆಸರಾದರು ಗೊತ್ತೆ? ಎತ್ತಿನ ಗಾಡಿಯ ಅಧ್ಯಯನಕ್ಕೆ! ನೊಗದಿಂದ ಎತ್ತಿನ ಹೆಗಲಿಗಾಗುವ ಗಾಯ, ಗಾಲಿಯ ರಚನೆ, ಗಾಡಿಯಿಂದ ನಡೆಯುವ ಸಾಗಾಣಿಕೆ ಇವನ್ನೆಲ್ಲ ಅವರು ದೇಶದ ಆರ್ಥಿಕತೆಯ ಪ್ರಶ್ನೆಯೆಂದು ಎತ್ತಿ ಹಿಡಿದರು. ಅವರು ಕನ್ನಡ ಹೋರಾಟಗಾರರಲ್ಲ. ಆದರೆ ಈ ನೆಲದ ಧೂಳು ನೋಡಿ ನಾಚಿಕೊಂಡವರೂ ಅಲ್ಲ.

ನಮ್ಮಲ್ಲಿ ಬೈಂಡಿಂಗಿಗೆ ಬರುವ ಎಂ.ಬಿ.ಎ. ವರದಿಗಳನ್ನು ನಾನು ತಿರುವಿ ಹಾಕುತ್ತೇನೆ, ಅದೊಂದು ಚಟ. ಎಲ್ಲವೂ ಇಂಗ್ಲಿಷು. ಎಷ್ಟೋ ಬಾರಿ ಕಂಪನಿಯ ಹೆಸರು ಬೇರೆ, ಒಳಗಿನ ಸಾಲು ಅವೇ. ಮಾಡಿದ ಹುಡುಗ ದಡ್ಡನಲ್ಲ. ಅವನು ಮಾತಾಡುತ್ತ ನಿಂತರೆ ಅಂಗಡಿಯ ಉದ್ರಿ ವಸೂಲಿಯ ಬಗ್ಗೆ ವರದಿಯಲ್ಲಿಲ್ಲದ ಹತ್ತು ಸಂಗತಿ ಹೇಳುತ್ತಾನೆ. ಅವು ಯಾಕೆ ಬರೆಹಕ್ಕೆ ಬರಲಿಲ್ಲ? ಬರೆಯಬೇಕಾದ ಭಾಷೆಯಲ್ಲಿ ಅವನಿಗೆ ಅವು ಹೊಳೆಯಲಿಲ್ಲ, ಅಷ್ಟೇ.

ಆದ್ದರಿಂದ ನಿಮ್ಮ ಸಂಘ, ನಿಮ್ಮ ಕಾಲೇಜು, ನಿಮ್ಮ ಗೆಳೆಯರ ಬಳಗದಿಂದ ಈ ಬೇಸಿಗೆಗೆ ಮೊದಲೇ ಎರಡು ಮನವಿ ಹೋಗಲಿ. ಒಂದು ವಿಶ್ವವಿದ್ಯಾಲಯಗಳಿಗೆ: ಎಂ.ಬಿ.ಎ. ಬೇಸಿಗೆ ವರದಿಯನ್ನು ಕನ್ನಡದಲ್ಲಿ ಬರೆಯಲು ಒಪ್ಪಿಗೆ ಕೊಡಿ, ನಮ್ಮ ಮಾರುಕಟ್ಟೆಗಳಿಗೆ ಹುಡುಗರನ್ನು ಕಳಿಸಿ. ಇನ್ನೊಂದು ಕಾರ್ಮಿಕ ಇಲಾಖೆಗೆ: ರಾಜ್ಯದ ನೆಲ, ನೀರು, ರಿಯಾಯಿತಿ ಪಡೆದ ಕಂಪನಿಗಳು ವರ್ಷಕ್ಕೆ ಎಷ್ಟು ಇಂಟರ್ನ್‌ಗಳನ್ನು ತೆಗೆದುಕೊಂಡವು, ಅವರಲ್ಲಿ ಕರ್ನಾಟಕದ ಕಾಲೇಜುಗಳವರು ಎಷ್ಟು ಎಂಬ ಪಟ್ಟಿ ಬಹಿರಂಗ ಮಾಡಿ. ಮನವಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅರ್ಜಿಯೂ ಕನ್ನಡದಲ್ಲೇ ಇರಲಿ.

ಮತ್ತೆ, ಬ್ಯಾಡಗಿಯದೋ ಅಮರಗೋಳ ಯಾರ್ಡಿನದೋ ವರದಿಯನ್ನು ಯಾರಾದರೂ ಕನ್ನಡದಲ್ಲಿ ಬರೆದು ತಂದರೆ ಅಚ್ಚು, ಬೈಂಡಿಂಗು ಎರಡರ ಖರ್ಚೂ ನನ್ನದು. ಅಣ್ಣಿಗೇರಿ ಸ್ಟೇಷನ್ನಿನಲ್ಲಿಳಿದು ಪ್ರೆಸ್ಸು ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ.