ದ್ರಾವಕದ ಲೆಕ್ಕ

ರಾಸಾಯನಿಕ ಸಮೀಕರಣವನ್ನು ಬರೆಯುವುದಕ್ಕೆ ಒಂದು ರೂಢಿಯುಂಟು. ಎಡಗಡೆ ಕೂಡುವ ವಸ್ತುಗಳು, ಬಲಗಡೆ ಹುಟ್ಟುವ ವಸ್ತುಗಳು, ನಡುವೆ ಒಂದು ಬಾಣ. ಎರಡು ಕಡೆಯ ಪರಮಾಣುಗಳೂ ಎಣಿಕೆಗೆ ಸರಿಹೊಂದಿದರೆ ಸಮೀಕರಣ ಸರಿ, ಅಂಕವೂ ಸರಿ. ಆದರೆ ಕ್ರಿಯೆ ಯಾವುದರಲ್ಲಿ ನಡೆಯಿತೋ ಆ ದ್ರಾವಕಕ್ಕೆ ಈ ಎಣಿಕೆಯಲ್ಲಿ ಸ್ಥಳವಿಲ್ಲ. ಹೆಚ್ಚೆಂದರೆ ಬಾಣದ ಮೇಲೆ ಸಣ್ಣ ಅಕ್ಷರದಲ್ಲಿ ಅದರ ಹೆಸರಿರುತ್ತದೆ. ಮದುವೆ ಮುಗಿದ ಮೇಲೆ ಚಪ್ಪರ ಹಾಕಿದವನನ್ನು ಯಾರು ವಿಚಾರಿಸುತ್ತಾರೆ? ಆದರೆ ತೂಕ ಹಾಕಿ ನೋಡಿದರೆ ಸಂಗತಿ ಬೇರೆಯೇ ಆಗಿದೆ. ಔಷಧಗಳ ತಯಾರಿಕೆಯಲ್ಲಿ ಬಳಸುವ ಸಾಮಗ್ರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ದ್ರಾವಕವೇ. ಗುಳಿಗೆಯಲ್ಲಿ ಉಳಿಯದ ಈ ವಸ್ತು ಎಲ್ಲಿಯೋ ಹೋಗಲೇಬೇಕಷ್ಟೆ. ಎಲ್ಲಿಗೆ ಹೋಗುತ್ತದೆ, ಯಾರು ಅದನ್ನು ಉಸಿರಾಡುತ್ತಾರೆ ಎಂಬ ಪ್ರಶ್ನೆ ರಸಾಯನಶಾಸ್ತ್ರದ ಹೊರಗಿನದಲ್ಲ, ಒಳಗಿನದೇ ಎಂಬುದು ನನ್ನ ಅಭಿಪ್ರಾಯ.

ಕಲಾ ಕಾಲೇಜಿನ ವಾರ್ಷಿಕ ಪತ್ರಿಕೆಗೆ ಈ ವಿಷಯವೇಕೆ ಎಂದು ಮಿತ್ರರು ಹುಬ್ಬೇರಿಸಬಹುದು. ಉಟ್ಟ ಬಟ್ಟೆಯ ಮಾತೇ ಇದು ಎಂದರೆ ಸಾಕೆಂದು ತೋರುತ್ತದೆ.

ಗಟ್ಟಿಯೆಂದೂ ದ್ರವವೆಂದೂ ಒಂದೇ ಮಾತಿನಲ್ಲಿ ಹೇಳಲಾಗದ ಪದಾರ್ಥಗಳು ನಮ್ಮ ಸುತ್ತ ಬೇಕಾದಷ್ಟಿವೆ. ಮೊಸರು, ಅಂಟು, ಸಾಬೂನಿನ ನೊರೆ, ರಬ್ಬರು, ಇವೆಲ್ಲವನ್ನೂ ವಿಜ್ಞಾನಿಗಳು ಮೃದುದ್ರವ್ಯವೆಂದು ಕರೆಯುತ್ತಾರೆ. ಅಲ್ಪ ಕಾರಣಕ್ಕೆ ದೊಡ್ಡ ಪರಿಣಾಮ ತೋರುವುದು ಇವುಗಳ ಲಕ್ಷಣ. ೧೯೯೧ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಫ್ರಾನ್ಸಿನ ಪಿಯೆರ್-ಜಿಲ್ ದ ಜೆನ್ ತಮ್ಮ ಭಾಷಣದಲ್ಲಿ ಇದಕ್ಕೆ ರಬ್ಬರಿನ ಉದಾಹರಣೆ ಕೊಟ್ಟರು. ಅಮೆಜಾನ್ ಕಾಡಿನ ಮೂಲನಿವಾಸಿಗಳು ಮರದ ಹಾಲನ್ನು ಕಾಲಿಗೆ ಬಳಿದುಕೊಂಡು ಪಾದರಕ್ಷೆ ಮಾಡಿಕೊಳ್ಳುತ್ತಿದ್ದರು. ಗಾಳಿಗೆ ಅದು ಬೇಗನೆ ಹರಿದು ಹೋಗುತ್ತಿತ್ತು. ಗಂಧಕ ಸೇರಿಸಿದಾಗ ಅದೇ ಹಾಲು ಬಾಳಿಕೆಯ ರಬ್ಬರಾಯಿತು. ಗಂಧಕವು ಬೆಸೆಯುವುದು ಇನ್ನೂರು ಇಂಗಾಲದ ಪರಮಾಣುಗಳಲ್ಲಿ ಒಂದನ್ನು ಮಾತ್ರ! ಈ ಶಾಸ್ತ್ರದಲ್ಲಿ ನಮ್ಮ ನಾಡಿಗೂ ಪಾಲಿದೆ. ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಮ್ಮ ಸಹೋದ್ಯೋಗಿಗಳೊಡನೆ, ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ೧೯೭೭ರಲ್ಲಿ ಲೋಕಕ್ಕೆ ತೋರಿಸಿಕೊಟ್ಟರು.

ನೂಲೂ ಈ ಮೃದುದ್ರವ್ಯದ ಬಳಗಕ್ಕೇ ಸೇರಿದ್ದು. ಹತ್ತಿಯ ಎಳೆಯಲ್ಲಿಯೂ ಮರದ ತಿರುಳಿನಲ್ಲಿಯೂ ಇರುವ ಮುಖ್ಯ ವಸ್ತು ಸೆಲ್ಯುಲೋಸ್. ಗ್ಲೂಕೋಸಿನ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ ಅದು. ಗ್ಲೂಕೋಸು ನೀರಿನಲ್ಲಿ ಕರಗುತ್ತದೆ, ಸೆಲ್ಯುಲೋಸು ಕರಗದು. ಸರಗಳು ಒಂದನ್ನೊಂದು ಜಲಜನಕ ಬಂಧಗಳಿಂದ ಒತ್ತಾಗಿ ಹಿಡಿದುಕೊಂಡಿರುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಹಾಗಲ್ಲದಿದ್ದರೆ ನಮ್ಮ ಅಂಗಿ ಮೊದಲ ಮಳೆಗೇ ಕರಗುತ್ತಿತ್ತು! ಆದರೆ ಮರದ ತಿರುಳನ್ನು ನೂಲಾಗಿಸಬೇಕಾದರೆ ಕರಗದ ಇದನ್ನು ಕರಗಿಸಲೇಬೇಕು. ಈ ಒಂದು ಕೆಲಸಕ್ಕಾಗಿ ಮನುಷ್ಯನು ಏನೇನು ಮಾಡಿದನೆಂಬುದೇ ದೊಡ್ಡ ಕಥೆ.

೧೮೯೨ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ ಎಂಬುವರು ಒಂದು ಉಪಾಯ ಕಂಡುಹಿಡಿದರು. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನಸಿ, ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದೊಡನೆ ಕೂಡಿಸಿದರೆ ಅದು ಕ್ಷಾರದಲ್ಲಿ ಕರಗಿ ಜೇನಿನಂಥ ಪಾಕವಾಗುತ್ತದೆ. ಸಣ್ಣ ರಂಧ್ರಗಳ ಮೂಲಕ ಅದನ್ನು ಗಂಧಕಾಮ್ಲದೊಳಕ್ಕೆ ಹಾಯಿಸಿದರೆ ಸೆಲ್ಯುಲೋಸು ಮರಳಿ ಹುಟ್ಟುತ್ತದೆ, ಹೊಳೆಯುವ ಎಳೆಯಾಗಿ. ಇದೇ ವಿಸ್ಕೋಸ್, ಅಂಗಡಿಯ ಮಾತಿನಲ್ಲಿ ರೇಯಾನ್. ಶಾಸ್ತ್ರ ಹಿಡಿದು ಹೇಳಿದರೆ ಕಾರ್ಬನ್ ಡೈಸಲ್ಫೈಡು ಇಲ್ಲಿ ದ್ರಾವಕವಲ್ಲ, ಕರಗಿಸಲು ಕರೆತಂದ ಮಧ್ಯಸ್ಥ. ಬಂದ ಕೆಲಸ ಮುಗಿಸಿ ಅದು ಹೊರಟುಹೋಗುತ್ತದೆ. ಬಟ್ಟೆಯಲ್ಲಿ ಅದರ ಗುರುತೂ ಇರುವುದಿಲ್ಲ.

ಗುರುತು ಉಳಿದದ್ದು ದುಡಿಯುವವರ ದೇಹದಲ್ಲಿ. ಈ ದ್ರವದ ಆವಿ ನರಗಳನ್ನು ಕೆಡಿಸುತ್ತದೆ, ಕೈಕಾಲುಗಳ ಶಕ್ತಿ ಕುಂದಿಸುತ್ತದೆ, ಬುದ್ಧಿಯನ್ನೂ ಕದಡುತ್ತದೆ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ೧೯೩೦ರ ದಶಕದಲ್ಲಿಯೇ ಇದನ್ನು ಪರಿಶೀಲಿಸಿ ಬರೆದರು. ಅರಿವು ಬಂದಮಾತ್ರಕ್ಕೆ ಅನಾಹುತ ನಿಲ್ಲಲಿಲ್ಲ. ಜಪಾನಿನ ಹಳೆಯ ಯಂತ್ರಗಳು ದಕ್ಷಿಣ ಕೊರಿಯದ ವೊನ್‌ಜಿನ್ ರೇಯಾನ್ ಕಾರ್ಖಾನೆಗೆ ಹೋದವು. ಅಲ್ಲಿ ನೂರಾರು ಕಾರ್ಮಿಕರು ಈ ವಿಷಕ್ಕೆ ತುತ್ತಾದರು. ೧೯೯೩ರಲ್ಲಿ ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನು ಚೀನಕ್ಕೆ ಮಾರಲಾಯಿತು! ಯಂತ್ರಕ್ಕೆ ಬೆಲೆ ಕಟ್ಟುವವರಿದ್ದರು, ಅದರ ಬೆನ್ನಿಗೆ ಬಂದ ರೋಗಕ್ಕೆ ಲೆಕ್ಕ ಬರೆಯುವವರಿರಲಿಲ್ಲ. ನಮ್ಮ ಹರಿಹರದ ಬಳಿ ತುಂಗಭದ್ರೆಯ ದಡದಲ್ಲಿಯೂ ರೇಯಾನಿಗೆ ಬೇಕಾದ ತಿರುಳನ್ನು ಮರದಿಂದ ತೆಗೆಯುವ ಉದ್ಯಮ ಬೆಳೆದಿದೆ. ೧೯೮೦ರ ದಶಕದಲ್ಲಿ ಆ ನದಿಯ ನೀರಿಗಾಗಿ ಜನ ಹೋರಾಡಿದ್ದನ್ನು ಮರೆಯಲಾಗದು. ಆದ್ದರಿಂದ ಇದು ದೂರದೇಶದ ಕಥೆ ಮಾತ್ರವಲ್ಲ.

ಹಾಗಾದರೆ ಬೇರೆ ದಾರಿಯಿಲ್ಲವೇ? ಇದೆ. ಸೆಲ್ಯುಲೋಸನ್ನು ಮಧ್ಯಸ್ಥನಿಲ್ಲದೆ ನೇರವಾಗಿ ಕರಗಿಸುವ ಅಮೈನ್ ಆಕ್ಸೈಡ್ ಜಾತಿಯ ಒಂದು ದ್ರಾವಕದಿಂದ ಲಯೊಸೆಲ್ ಎಂಬ ನೂಲು ತಯಾರಾಗುತ್ತದೆ. ೧೯೯೦ರ ದಶಕದಿಂದ ಅದು ಮಾರುಕಟ್ಟೆಯಲ್ಲಿದೆ. ಪಾಕವನ್ನು ನೀರಿಗೆ ಹಾಯಿಸಿದರೆ ಎಳೆ ಬೇರೆಯಾಗುತ್ತದೆ. ನೀರನ್ನು ಆವಿಮಾಡಿ ದ್ರಾವಕವನ್ನು ಶೇಕಡ ೯೯ಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಪಡೆದು ಮತ್ತೆ ಬಳಸುತ್ತಾರೆ. ಆದರೂ ಈ ದ್ರಾವಕ ಪೂರ್ಣ ಸಾಧುವಲ್ಲ. ಅತಿಯಾಗಿ ಕಾಯಿಸಿದರೆ ಸ್ಫೋಟದಂತೆ ಒಡೆದುಹೋಗಬಲ್ಲದು. ಅದಕ್ಕೆ ಕಡಿವಾಣ ಹಾಕುವ ದ್ರವ್ಯವನ್ನು ಜೊತೆಗೆ ಸೇರಿಸಬೇಕಾಗುತ್ತದೆ.

ಇನ್ನೊಂದು ದಾರಿ ದ್ರವಲವಣಗಳದು. ಅಡಿಗೆಯ ಉಪ್ಪು ಕರಗಿ ದ್ರವವಾಗಲು ೮೦೧ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಆದರೆ ೧೯೧೪ರಲ್ಲಿ ವಾಲ್ಡನ್ ಎಂಬ ವಿಜ್ಞಾನಿ ವರ್ಣಿಸಿದ ಒಂದು ಲವಣ ೧೨ ಡಿಗ್ರಿಯಲ್ಲಿಯೇ ದ್ರವ. ಇಂಥ ಲವಣಗಳಲ್ಲಿ ಒಂದು ಸೆಲ್ಯುಲೋಸನ್ನು ಕರಗಿಸುತ್ತದೆಂದು ೨೦೦೨ರಲ್ಲಿ ಅಮೆರಿಕದ ಅಲಬಾಮಾ ವಿಶ್ವವಿದ್ಯಾನಿಲಯದ ರಾಜರ್ಸ್ ಮತ್ತು ಸಂಗಡಿಗರು ಪ್ರಕಟಿಸಿದರು. ಇವು ಸುಲಭವಾಗಿ ಆವಿಯಾಗುವುದಿಲ್ಲ, ಉಸಿರಿಗೆ ಸೇರುವುದಿಲ್ಲ. ಆದ್ದರಿಂದ ಹಸಿರು ದ್ರಾವಕಗಳೆಂದು ಅನೇಕರು ಕೊಂಡಾಡಿದರು. ಅನಂತರದ ಪರೀಕ್ಷೆಗಳಲ್ಲಿ ಇವುಗಳಲ್ಲಿ ಹಲವು ನೀರಿನ ಜೀವಿಗಳಿಗೆ ವಿಷವೆಂದು ತಿಳಿದುಬಂತು. ಗಾಳಿಗೆ ಹಾರದ್ದು ನೀರಿಗೆ ಇಳಿಯಬಾರದೆಂಬ ನಿಯಮವಿಲ್ಲವಲ್ಲ!

೨೦೦೩ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಆಬಟ್ ಮತ್ತು ಸಂಗಡಿಗರು ಇನ್ನೂ ಸರಳವಾದ ಮಿಶ್ರಣವನ್ನು ಮುಂದಿಟ್ಟರು. ಕೋಳಿಯ ಆಹಾರಕ್ಕೆ ಬೆರೆಸುವ ಕೋಲೀನ್ ಕ್ಲೋರೈಡ್ ಒಂದು ಪಾಲು, ರೈತರು ಬಲ್ಲ ಯೂರಿಯಾ ಎರಡು ಪಾಲು. ಮೊದಲನೆಯದು ಕರಗುವುದು ೩೦೨ ಡಿಗ್ರಿಗೆ, ಎರಡನೆಯದು ೧೩೩ಕ್ಕೆ. ಎರಡೂ ಕೂಡಿದರೆ ೧೨ ಡಿಗ್ರಿಗೇ ದ್ರವ. ಅಗ್ಗ, ಸುಲಭ. ಆದರೆ ಪ್ರಕೃತಿ ಇಲ್ಲಿಯೂ ನಗುತ್ತದೆ. ಈ ಸಾಧು ಮಿಶ್ರಣಕ್ಕೆ ಸೆಲ್ಯುಲೋಸು ಅಷ್ಟಾಗಿ ಬಗ್ಗುವುದಿಲ್ಲ. ಮೇಲಾಗಿ, ಯೂರಿಯಾ ಬರುವುದು ಅಮೋನಿಯಾದಿಂದ, ಅಮೋನಿಯಾ ಬಹುಮಟ್ಟಿಗೆ ನೆಲದಡಿಯ ಅನಿಲದಿಂದ ಅಥವಾ ಕಲ್ಲಿದ್ದಲಿನಿಂದ. ಬಟ್ಟಲಿನಲ್ಲಿ ಹಸಿರಾಗಿ ಕಂಡದ್ದು ಬೇರಿನಲ್ಲಿಯೂ ಹಸಿರೆಂದು ಹೇಳುವುದು ಹೇಗೆ?

ಆದ್ದರಿಂದ ನನ್ನ ವಾದ ಇಷ್ಟು. ‘ಹಸಿರು’ ಎಂಬುದು ವಸ್ತುವಿಗೆ ಹಚ್ಚುವ ಚೀಟಿಯಲ್ಲ, ಕೇಳಿ ಮುಗಿಸಬೇಕಾದ ಪ್ರಶ್ನೆಗಳ ಸಾಲು. ದ್ರಾವಕ ಎಲ್ಲಿಂದ ಬಂತು? ಕೆಲಸದ ಹೊತ್ತಿನಲ್ಲಿ ಅದನ್ನು ಉಸಿರಾಡುವವರು ಯಾರು? ಕೆಲಸ ಮುಗಿದ ಮೇಲೆ ಎಷ್ಟು ಹಿಂದಕ್ಕೆ ಬಂತು, ಉಳಿದದ್ದು ಎಲ್ಲಿಗೆ ಹೋಯಿತು? ಈ ಮೂರಕ್ಕೂ ಉತ್ತರ ಕೊಡಬಲ್ಲ ದ್ರಾವಕವೇ ಉತ್ತಮ ದ್ರಾವಕ. ಲಯೊಸೆಲ್ಲಿನ ಹೆಗ್ಗಳಿಕೆ ದ್ರಾವಕದ ಸಾಧುತನದಲ್ಲಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚು ಅದರ ಮರುಬಳಕೆಯಲ್ಲಿದೆ.

ಬಡದೇಶಕ್ಕೆ ಇಂಥ ನಾಜೂಕು ಸಲ್ಲದು, ಮೊದಲು ಅಗ್ಗದ ಬಟ್ಟೆ ಮತ್ತು ಉದ್ಯೋಗ, ಆಮೇಲೆ ಉಳಿದದ್ದು ಎಂದು ಕೆಲವರು ವಾದಿಸುವರು. ಉದ್ಯೋಗ ಬೇಕು, ಅದನ್ನು ಅಲ್ಲಗಳೆಯಲಾರೆ. ಇಂದಿಗೂ ಮರದ ತಿರುಳಿನಿಂದಾಗುವ ನೂಲಿನಲ್ಲಿ ಬಹುಪಾಲು ವಿಸ್ಕೋಸೇ; ಒಳ್ಳೆಯ ಕಾರ್ಖಾನೆಗಳು ಆವಿಯನ್ನು ಹಿಡಿದು ಮರಳಿ ಬಳಸುವುದನ್ನೂ ಕಲಿತಿವೆ. ಆದರೆ ಅಗ್ಗವೆಂಬ ಮಾತನ್ನು ಪರೀಕ್ಷಿಸದೆ ಒಪ್ಪಬಾರದು. ಉತ್ಪಾದಕನ ಪುಸ್ತಕಕ್ಕೆ ಸೇರದೆ ಸಮಾಜದ ಹೆಗಲೇರುವ ವೆಚ್ಚವನ್ನು ಕುರಿತು ಅರ್ಥಶಾಸ್ತ್ರಜ್ಞ ಪಿಗೂ ೧೯೨೦ರಷ್ಟು ಹಿಂದೆಯೇ ಬರೆದರು. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಓದುವ ಈ ಪಾಠಕ್ಕೂ ಸಮೀಕರಣದ ಬಾಣದ ಮೇಲೆ ಕೂತ ದ್ರಾವಕಕ್ಕೂ ಇರುವ ನಂಟನ್ನು ಗಮನಿಸಿರಿ. ಎರಡೂ ಕಡೆ ಬಿಟ್ಟುಹೋದದ್ದು ಒಂದೇ ಸಾಲು.

ಕೊನೆಯದಾಗಿ ಅಧ್ಯಾಪಕರಲ್ಲಿಯೂ ಸಹಪಾಠಿಗಳಲ್ಲಿಯೂ ಒಂದು ಸಣ್ಣ ಬಿನ್ನಹ. ಕಾಲೇಜುಗಳ ಪ್ರಯೋಗದ ದಾಖಲೆ ಪುಸ್ತಕದಲ್ಲಿ ಉದ್ದೇಶ, ವಿಧಾನ, ಫಲಿತಾಂಶಗಳೊಡನೆ ಇನ್ನೊಂದು ಅಂಕಣವಿರಲಿ: ಯಾವ ದ್ರಾವಕ, ಎಷ್ಟು, ಮುಗಿದ ಮೇಲೆ ಎಲ್ಲಿಗೆ. ಇದಕ್ಕೆ ಹಣ ಬೇಡ, ಹೊಸ ಉಪಕರಣ ಬೇಡ, ಸರ್ಕಾರದ ಆದೇಶಕ್ಕೂ ಕಾಯಬೇಕಾಗಿಲ್ಲ. ನಮ್ಮಲ್ಲಿ ಕೆಲವರು ನಾಳೆ ಕಾರ್ಖಾನೆಗಳಿಗೆ ಹೋಗುವವರು, ಕೆಲವರು ಅವುಗಳಿಗೆ ಅನುಮತಿ ಕೊಡುವ ಕಚೇರಿಗಳಲ್ಲಿ ಕೂಡುವವರು, ಉಳಿದವರು ಅವುಗಳ ನೆರೆಯಲ್ಲಿ ಬಾಳುವವರು. ಇಂದು ಆ ಅಂಕಣ ತುಂಬುವುದನ್ನು ಕಲಿತ ಕೈ ನಾಳೆ ಅದನ್ನು ಖಾಲಿ ಬಿಟ್ಟ ಕಾಗದಕ್ಕೆ ಸುಲಭವಾಗಿ ರುಜು ಹಾಕಲಾರದು.