ರಸೀದಿ ಇರುವ ಹಣ, ರಸೀದಿ ಇಲ್ಲದ ಹಣ

ಪರದೇಶದಲ್ಲಿ ನೆಲೆಸಿದವರು ಭಾರತದ ಮಗುವನ್ನು ದತ್ತು ಪಡೆಯಲು ಮಾಡಬೇಕಾದ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿದೆ, ನಿಜ. ಹಾಗೆಂದು ಖರ್ಚು ಇಳಿಸುವ ನೆಪದಲ್ಲಿ ಪರಿಶೀಲನೆಯ ಒಂದೇ ಒಂದು ಹಂತವನ್ನೂ ಕೈಬಿಡಕೂಡದು ಎಂದು ಪುಣೆಯ ಬಿಬವೇವಾಡಿಯಲ್ಲಿ ನಮ್ಮ ಕನ್ನಡಿಗರು ಕೂಡಿದ್ದಾಗ ಹೇಳಿದೆ. ಆಕ್ಷೇಪಗಳು ಸಾಲುಗಟ್ಟಿ ಬಂದವು. ಆಕ್ಷೇಪಿಸಿದವರಲ್ಲಿ ಬಹಳ ಮಂದಿಯ ಮಗನೋ ಮಗಳೋ ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಇದ್ದಾರೆ. ಮೊಮ್ಮಗುವಿನ ದಾರಿ ಕಾಯುತ್ತ ವರ್ಷಗಳನ್ನು ಕಳೆದವರೂ ಅವರಲ್ಲಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅವರ ವಾದವನ್ನು ಹಾಗೆಯೇ ಬಿಟ್ಟುಬಿಡಲು ಆಗದು. ಈ ವಿಷಯದಲ್ಲಿ ಪುಣೆ ಒಮ್ಮೆ ಸುಟ್ಟುಕೊಂಡ ಊರು.

ಮೊದಲ ಮಾತು ಮಹೇಶ ಸೊಸೈಟಿಯ ಕಡೆಯ ಹಿರಿಯರೊಬ್ಬರದು. “ಅಲ್ರೀ, ಲೀಸಾ ಸ್ಥಳೇಕರ್ ಇದೇ ಸಸೂನ್ ದವಾಖಾನಿ ಆವಾರದಿಂದ ಮೂರು ವಾರದ ಕೂಸಿದ್ದಾಗನ ಅಮೆರಿಕಾಕ್ಕ ಹೋಗಲಿಲ್ಲೇನು? ಆವಾಗ ಇಷ್ಟು ಕಾಗದ, ಇಷ್ಟು ರೊಕ್ಕ ಎಲ್ಲಿತ್ತು?” ಎಂದರು.

ಲೀಸಾ ಹುಟ್ಟಿದ್ದು 1979ರ ಆಗಸ್ಟಿನಲ್ಲಿ, ಪುಣೆಯಲ್ಲಿ. ಸಸೂನಿನ ಶ್ರೀವತ್ಸ ಶಿಶುಗೃಹದಿಂದ ಹರೇನ್ ಮತ್ತು ಸೂ ಸ್ಥಳೇಕರ್ ದಂಪತಿ ಆಕೆಯನ್ನು ದತ್ತು ಪಡೆದರು. ಆ ಮಗು ಅಮೆರಿಕ, ಕೆನ್ಯಾ ದಾಟಿ ಸಿಡ್ನಿಯಲ್ಲಿ ಬೆಳೆದು ಆಸ್ಟ್ರೇಲಿಯಾ ಕ್ರಿಕೆಟ್ ತಂಡದ ನಾಯಕಿಯಾಯಿತು. ಏಕದಿನ ಪಂದ್ಯಗಳಲ್ಲಿ ಸಾವಿರ ರನ್ನೂ ನೂರು ವಿಕೆಟ್ಟೂ ಪಡೆದ ಮೊದಲ ಮಹಿಳೆ ಅವರೇ. 2020ರಲ್ಲಿ ಐಸಿಸಿಯ ಹಾಲ್ ಆಫ್ ಫೇಮ್ ಸೇರಿದರು. ಪುಣೆಯವರಿಗೆ ಇದು ಹೆಮ್ಮೆಯ ವಿಷಯವೇ. ಆದರೆ ಒಳ್ಳೆಯ ಸಂಸ್ಥೆಯೂ ಒಳ್ಳೆಯ ತಂದೆತಾಯಿಯೂ ಕೂಡಿಬಂದ ಒಂದು ಮಗುವಿನ ಕಥೆಯನ್ನು ಹಿಡಿದು ಎಲ್ಲ ಮಕ್ಕಳಿಗೂ ಕಾನೂನು ಬರೆಯಲು ಬರುವುದಿಲ್ಲ. ಕಾನೂನು ಬೇಕಾಗುವುದೇ ಆ ಎರಡೂ ಕೂಡಿಬಾರದ ಮಗುವಿಗೆ.

ಆ ದಿನಗಳಲ್ಲಿ ಪರದೇಶಿ ದಂಪತಿ 1890ರ ಪಾಲಕ ಮತ್ತು ಪಾಲ್ಯರ ಕಾಯಿದೆಯಡಿ ಇಲ್ಲಿನ ನ್ಯಾಯಾಲಯದಿಂದ ಪಾಲಕತ್ವ ಪಡೆದು ಮಗುವನ್ನು ಕರೆದೊಯ್ಯುತ್ತಿದ್ದರು. ಅಲ್ಲಿ ಆ ಮಗುವಿನ ಗತಿ ಏನಾಯಿತು ಎಂದು ವಿಚಾರಿಸುವ ರಾಷ್ಟ್ರಮಟ್ಟದ ಏರ್ಪಾಟು ಇರಲಿಲ್ಲ. ದತ್ತಿನ ಹೆಸರಲ್ಲಿ ಹೋದ ಮಕ್ಕಳು ಅಲ್ಲಿ ಭಿಕ್ಷೆಗೆ, ಇನ್ನೂ ಕೆಟ್ಟ ಗತಿಗೆ ಬೀಳುತ್ತಿದ್ದಾರೆ ಎಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಪತ್ರವನ್ನೇ ಅರ್ಜಿಯೆಂದು ಎತ್ತಿಕೊಂಡ ನ್ಯಾಯಾಲಯದ ಪರವಾಗಿ 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ತೀರ್ಪು ಬರೆದರು. ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು, ಗೃಹ ಅಧ್ಯಯನ ಆಗಬೇಕು, ಮಗು ಹೋದ ಮೇಲೂ ವರದಿ ಬರಬೇಕು ಎಂಬ ನಿಯಮಗಳಿಗೆ ಬುನಾದಿ ಬಿದ್ದದ್ದು ಅಲ್ಲಿ. ಕೇಂದ್ರದ ದತ್ತು ಪ್ರಾಧಿಕಾರ, ಎಲ್ಲರೂ ಕಾರಾ ಎನ್ನುವುದು, 1990ರಲ್ಲಿ ಹುಟ್ಟಿದ್ದೂ ಆ ತೀರ್ಪಿನಿಂದಲೇ. ಇಂದು ಖರ್ಚು ಎಂದು ನಾವು ಗೊಣಗುವ ಹಂತಗಳಲ್ಲಿ ಬಹುಪಾಲಿನ ಮೂಲ ಅದು.

ಎರಡನೆಯವರು ಕೇಳಿದ್ದು ಮನೆತನದ ಮಾತು. ತಂಗಿಯ ಮಗುವನ್ನು ಅಮೆರಿಕದ ಅಣ್ಣ ದತ್ತು ತೆಗೆದುಕೊಂಡರೆ, ಹೋಮ ಮಾಡಿ ಉಡಿಗೆ ಹಾಕಿದರೆ ಸಾಲದೇ, ಸರ್ಕಾರಕ್ಕೇನು ಕೆಲಸ? ಊರೊಳಗೆ ಆದರೆ 1956ರ ಹಿಂದೂ ದತ್ತಕ ಕಾಯಿದೆ ಇದ್ದೇ ಇದೆ. ಆದರೆ ಮಗು ಗಡಿ ದಾಟುವಾಗ ಆ ದೇಶ ಅದನ್ನು ಯಾರ ಮಗುವೆಂದು ಒಪ್ಪುತ್ತದೆ ಎನ್ನುವುದೇ ಪ್ರಶ್ನೆ. ದೇಶದೇಶಗಳ ನಡುವಿನ ದತ್ತಿನ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿದೆ, ಅಮೆರಿಕವೂ ಅದರಲ್ಲಿದೆ. ಆ ದಾರಿಯಲ್ಲಿ ಹೋಗದಿದ್ದರೆ ವೀಸಾ ಸಿಗದೆ ಮಗು ಇಲ್ಲಿ, ದತ್ತು ತಂದೆತಾಯಿ ಅಲ್ಲಿ ಉಳಿಯುತ್ತಾರೆ. ಸಂಬಂಧಿಕರ ದತ್ತಿಗೆ ಬಾಲನ್ಯಾಯ ಕಾಯಿದೆಯಲ್ಲಿ ಬೇರೆಯೇ ದಾರಿಯಿದೆ. ಅಲ್ಲಿ ಮಗು ಸಂಸ್ಥೆಯಲ್ಲಿ ಬೆಳೆದದ್ದಲ್ಲವಾದ್ದರಿಂದ ಸಂಸ್ಥೆಗೆ ಕಟ್ಟುವ ಪಾಲನೆಯ ಹಣದ ಪ್ರಶ್ನೆಯೂ ಏಳುವುದಿಲ್ಲ. ಇದರಲ್ಲಿ ಇನ್ನು ವಾದಿಸಲು ಏನೂ ಉಳಿದಿಲ್ಲ.

ಮೂರನೆಯ ಆಕ್ಷೇಪ ಭಾರವಾದದ್ದು, ನನ್ನನ್ನು ನಿಜವಾಗಿ ನೋಯಿಸಿದ್ದೂ ಅದೇ. “ಮಗುವಿಗೆ 5,000 ಡಾಲರ್ ಇಸಿದುಕೊಳ್ಳುತ್ತೀರಲ್ಲ, ಇದು ಮಾರಾಟವಲ್ಲದೆ ಮತ್ತೇನು?”

ಅನಿವಾಸಿ ಭಾರತೀಯರು, ಸಾಗರೋತ್ತರ ನಾಗರಿಕರು ಮತ್ತು ವಿದೇಶಿಯರು ಮಗುವಿರುವ ಸಂಸ್ಥೆಗೆ ಕಟ್ಟಬೇಕಾದ ಪಾಲನಾ ನಿಧಿ 5,000 ಡಾಲರ್. ಇಲ್ಲೇ ಇರುವವರಿಗೆ ಅದು 50,000 ರೂಪಾಯಿ, ಜೊತೆಗೆ ಗೃಹ ಅಧ್ಯಯನಕ್ಕೆ 6,000. ಮೊತ್ತ ನಿಯಮಾವಳಿಯಲ್ಲೇ ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. ಆ ಹಣ ಏನಾಗುತ್ತದೆಂದು ತಿಳಿಯಬೇಕಾದರೆ ಮಗುವಿನ ಫೈಲನ್ನು ನೋಡಬೇಕು. ತೂಕ, ಎತ್ತರ, ತಲೆಯ ಸುತ್ತಳತೆ, ಹಾಕಿದ ಲಸಿಕೆ, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ, ಮಗು ಯಾರನ್ನು ಕಂಡರೆ ನಗುತ್ತದೆ, ಯಾವಾಗ ಮಗ್ಗುಲಾಯಿತು, ಎಲ್ಲವೂ ವೈದ್ಯಕೀಯ ವರದಿಯಲ್ಲೂ ಶಿಶು ಅಧ್ಯಯನ ವರದಿಯಲ್ಲೂ ಬರೆದಿರುತ್ತದೆ. ಬರೆಯುವವರಿಗೆ, ರಾತ್ರಿ ಎದ್ದು ಹಾಲು ಕುಡಿಸುವ ಆಯಾಗಳಿಗೆ ಸಂಬಳ ಬೇಕು. ದತ್ತು ಹೋಗದೆ ಅಲ್ಲೇ ಉಳಿಯುವ ಮಕ್ಕಳ ಊಟಕ್ಕೂ ಈ ನಿಧಿಯೇ ಆಸರೆ.

ಮಗು ಮಾರಾಟವಾಗುವುದು ಅಚ್ಚಾಗದ ಹಣದಲ್ಲಿ. ಪುಣೆಯ ಪ್ರೀತ್ ಮಂದಿರದ ಪ್ರಕರಣ ಇಲ್ಲಿ ಹಳಬರಿಗೆ ನೆನಪಿರಬೇಕು. ಬಡ ತಾಯಂದಿರಿಗೆ ಸುಳ್ಳು ಹೇಳಿ, ಒತ್ತಾಯ ಹೇರಿ ಮಕ್ಕಳನ್ನು ಬಿಡಿಸಿಕೊಂಡರು, ವಿದೇಶಿ ದಂಪತಿಗಳಿಂದ ನಿಗದಿಗಿಂತ ಬಹಳ ಹೆಚ್ಚು ಹಣ ಎತ್ತಿದರು ಎಂಬ ಆರೋಪಗಳು ಬಂದವು. ಮಕ್ಕಳ ಹಕ್ಕಿಗಾಗಿ ದುಡಿಯುವ ಸಂಘಟನೆಗಳು ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದವು. 2010ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತು, ಸಂಸ್ಥೆಯ ಮಾನ್ಯತೆಯೂ ಹೋಯಿತು. ಅಲ್ಲಿ ಆರೋಪದ ತಿರುಳು ನಿಗದಿತ ಶುಲ್ಕವಾಗಿರಲಿಲ್ಲ, ಅದರ ಮೇಲೆ ದೇಣಿಗೆ ಎಂಬ ಹೆಸರಿನಲ್ಲಿ ಕೈ ಬದಲಾಯಿಸಿದ್ದು. ರಸೀದಿ ಇರುವ ಹಣಕ್ಕೆ ಲೆಕ್ಕ ಕೇಳಬಹುದು, ಮಿತಿ ಹಾಕಬಹುದು. ರಸೀದಿ ಇಲ್ಲದ ಹಣ ಮುಂದಿನ ಮಗುವನ್ನು ಹುಡುಕಿಕೊಂಡು ಯಾವುದೋ ಗುಡಿಸಲಿಗೆ ಹೋಗುತ್ತದೆ.

ಆ ಗುಡಿಸಲು ಎಲ್ಲಿರುತ್ತದೆ? 1999ರಲ್ಲೂ 2001ರಲ್ಲೂ ಹೈದರಾಬಾದಿನ ಸಂಸ್ಥೆಗಳ ಹಗರಣ ಬಯಲಾದಾಗ ಅದು ಲಂಬಾಣಿ ತಾಂಡಾಗಳಲ್ಲಿತ್ತು, ಹೆಣ್ಣುಕೂಸುಗಳನ್ನು ಅಲ್ಲಿಂದಲೇ ಪುಡಿಗಾಸಿಗೆ ಕೊಂಡು ತಂದಿದ್ದರು. ಚೆನ್ನೈಯಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದ ಸಂಸಾರದಿಂದ 1999ರಲ್ಲಿ ಕದ್ದ ಮಗು ನೆದರ್‌ಲ್ಯಾಂಡ್ಸಿಗೆ ದತ್ತು ಹೋದದ್ದು ಗೊತ್ತಾಗಿದ್ದು 2005ರಲ್ಲಿ. ನಮ್ಮ ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಹೆಣ್ಣುಮಕ್ಕಳು ಎಷ್ಟಿಲ್ಲ! ಗಂಡ ಬಿಟ್ಟುಹೋದ, ಮರಾಠಿ ಓದಲು ಬಾರದ ಒಬ್ಬ ತಾಯಿಯ ಮುಂದೆ ಮಗುವನ್ನು ಒಪ್ಪಿಸುವ ಕಾಗದ ಇಟ್ಟು ಹೆಬ್ಬೆಟ್ಟು ಒತ್ತು ಎಂದರೆ ಆಕೆ ಏನೆಂದು ತಿಳಿದು ಒತ್ತಬೇಕು? ಅದಕ್ಕೇ ಮಕ್ಕಳ ಕಲ್ಯಾಣ ಸಮಿತಿಯ ಎದುರು ಆಪ್ತಸಮಾಲೋಚನೆ ಆಗಬೇಕು, ಆಮೇಲೂ ಮನಸ್ಸು ಬದಲಿಸಲು ಆಕೆಗೆ ಎರಡು ತಿಂಗಳು ಸಿಗಬೇಕು ಎಂದು ಕಾನೂನು ಹೇಳುತ್ತದೆ. ಆ ಎರಡು ತಿಂಗಳು ಮಗುವನ್ನು ಸಾಕಲು ದುಡ್ಡು ಬೀಳುತ್ತದೆ. ಬೀಳಲಿ. ಆ ದುಡ್ಡು ಉಳಿಸಿ ಎನ್ನುವವರು ಆ ತಾಯಿಯ ಎದುರು ಕೂತು ಅದನ್ನು ಅವಳ ಭಾಷೆಯಲ್ಲಿ, ಅಂದರೆ ನಮ್ಮ ಭಾಷೆಯಲ್ಲಿ, ಹೇಳಲಿ.

ಬಿಟ್ಟುಹೋದ ಮಗುವಿನ ವಿಷಯದಲ್ಲಿ ಇನ್ನೊಂದು ಖರ್ಚಿದೆ, ಪತ್ರಿಕಾ ಪ್ರಕಟಣೆ. ಪುಣೆಯ ಮರಾಠಿ ಪತ್ರಿಕೆಗಳ ಒಳಪುಟದಲ್ಲಿ ಅಂಗೈ ಅಗಲದ ಚೌಕದೊಳಗೆ ಮಗುವಿನ ಫೋಟೋ, ಸಿಕ್ಕ ಜಾಗ, ತಾರೀಖು, ಪೊಲೀಸ್ ಠಾಣೆಯ ಹೆಸರು ಇರುತ್ತದಲ್ಲ, ಅದು. ಹೆಚ್ಚಿನವರು ಪುಟ ತಿರುವುತ್ತಾರೆ. ಆದರೆ ಮಗು ಕಳೆದುಕೊಂಡವರಿಗೆ ಅದನ್ನು ಮರಳಿ ಕೇಳಲು ಇರುವ ಕೊನೆಯ ಕರೆ ಅದು. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳೊಳಗೆ ವಿಚಾರಣೆ ಮುಗಿದು, ಯಾರೂ ಬಾರದಿದ್ದರೆ ಮಾತ್ರ ಮಗು ದತ್ತಿಗೆ ಮುಕ್ತ ಎಂದು ಘೋಷಣೆಯಾಗುತ್ತದೆ.

ಹಾಗಾದರೆ ಖರ್ಚು ಏರಿದ್ದು ಹೇಗೆ, ನಮ್ಮ ಸರ್ಕಾರದ ದುರಾಸೆಯಿಂದಲ್ಲವೇ ಎಂಬುದು ನಾಲ್ಕನೆಯ ಪ್ರಶ್ನೆ. ಅಲ್ಲ. 5,000 ಡಾಲರ್ ಎಂದು ಗೊತ್ತುಮಾಡಿದ್ದು 2011ರಲ್ಲಿ, ಇಂದಿಗೂ ಅಷ್ಟೇ. ಡಾಲರಿನಲ್ಲಿ ದುಡಿಯುವವರಿಗೆ ಅದು ಏರಿಲ್ಲ. ರೂಪಾಯಿಯಲ್ಲಿ ನೋಡಿದರೆ ಆಗ ಡಾಲರ್ 45ರ ಆಸುಪಾಸಿನಲ್ಲಿದ್ದಾಗ ಎರಡೂಕಾಲು ಲಕ್ಷ ಆಗುತ್ತಿದ್ದದ್ದು 85 ದಾಟಿದ ಮೇಲೆ ನಾಲ್ಕೂಕಾಲು ಲಕ್ಷಕ್ಕೂ ಮಿಕ್ಕಿದೆ. ಇಲ್ಲಿ ಕೂತ ಅಜ್ಜ ಅಜ್ಜಿಯರಿಗೆ ಎದೆ ಧಸಕ್ಕೆನ್ನುವುದು ಈ ಲೆಕ್ಕದಿಂದ.

ನಿಜವಾಗಿ ಬೆಳೆದದ್ದು ಅಲ್ಲಿನ ಖರ್ಚು. ಅಮೆರಿಕಕ್ಕೆ 2004ರಲ್ಲಿ ಜಗತ್ತಿನ ಎಲ್ಲ ಕಡೆಯಿಂದ ದತ್ತು ಬಂದ ಮಕ್ಕಳು ಸುಮಾರು 23,000. 2023ರ ಹೊತ್ತಿಗೆ ಆ ಸಂಖ್ಯೆ 1,300ಕ್ಕೂ ಕೆಳಗಿಳಿದಿತ್ತು. ಅಲ್ಲಿನ ದತ್ತು ಏಜೆನ್ಸಿಯ ಕಚೇರಿ, ಸಮಾಜಸೇವಕರು, ವಿಮೆ, ಮಾನ್ಯತೆ ನವೀಕರಣ, ಇವುಗಳ ಖರ್ಚು ಮೊದಲು ಸಾವಿರಾರು ಕುಟುಂಬಗಳಿಗೆ ಹಂಚಿಹೋಗುತ್ತಿತ್ತು. ಈಗ ಕೈಬೆರಳೆಣಿಕೆಯ ಕುಟುಂಬಗಳ ತಲೆಯ ಮೇಲೆ ಬೀಳುತ್ತಿದೆ. ಹಲವು ಏಜೆನ್ಸಿಗಳು ಬಾಗಿಲು ಹಾಕಿದವು, ಉಳಿದವು ಶುಲ್ಕ ಏರಿಸಿದವು. ವಲಸೆ ಇಲಾಖೆಯ ಅರ್ಜಿ ಶುಲ್ಕವೊಂದೇ 2024ರ ಏಪ್ರಿಲಿನಲ್ಲಿ 775ರಿಂದ 920 ಡಾಲರಿಗೆ ಹೋಯಿತು. ಮೇಲೆ ಗಂಡಹೆಂಡತಿ ಇಬ್ಬರ ವಿಮಾನದ ಟಿಕೆಟ್ಟು, ಇಲ್ಲಿ ವಾರಗಟ್ಟಲೆ ವಾಸ, ಮಗು ಮನೆ ಸೇರಿದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೆಯ ವರ್ಷ ಆರು ತಿಂಗಳಿಗೊಂದು ವರದಿ. ಒಟ್ಟು ಖರ್ಚಿನಲ್ಲಿ ಭಾರತ ಕೇಳುವ ಪಾಲು ಸಣ್ಣದು. ಹೊರೆ ಇಳಿಯಬೇಕಾದರೆ ಅಲ್ಲಿ ಇಳಿಯಬೇಕು. ದತ್ತು ಪಡೆದವರಿಗೆ ಅಮೆರಿಕ 2025ಕ್ಕೆ ಪ್ರತಿ ಮಗುವಿಗೆ 17,280 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಕೊಡುತ್ತದೆ. ಎಷ್ಟೋ ಕಂಪನಿಗಳಲ್ಲಿ ನೌಕರರ ದತ್ತಿಗೆ ನೆರವಿನ ಯೋಜನೆಯೂ ಇದೆ. ನಮ್ಮ ಹುಡುಗರು ಅದನ್ನು ಮೊದಲು ವಿಚಾರಿಸಲಿ.

“ಅನಾಥಾಶ್ರಮಗಳು ತುಂಬಿ ತುಳುಕುತ್ತಿವೆ, ಒಯ್ಯುವವರು ತಯಾರಿದ್ದಾರೆ, ನಡುವೆ ಅಡ್ಡ ನಿಂತಿರುವುದು ನಿಮ್ಮ ಶುಲ್ಕ” ಎಂದರು ಇನ್ನೊಬ್ಬರು. ಆಶ್ರಮದಲ್ಲಿರುವ ಮಕ್ಕಳಲ್ಲಿ ಬಹಳಷ್ಟಕ್ಕೆ ತಾಯಿಯೋ ತಂದೆಯೋ ಅಜ್ಜಿಯೋ ಇದ್ದಾರೆ. ಬಡತನಕ್ಕೆ, ಓದಿಗೆ ಅಲ್ಲಿ ಬಿಟ್ಟಿದ್ದಾರೆ, ದತ್ತು ಕೊಟ್ಟಿಲ್ಲ. ಕಾನೂನಿನ ಪ್ರಕಾರ ದತ್ತಿಗೆ ಮುಕ್ತವಾದ ಮಕ್ಕಳು ಕಡಿಮೆ, ಕೇಳುವವರು ಅವರ ಎಷ್ಟೋ ಪಟ್ಟು. ಆರೋಗ್ಯವಂತ ಎಳೆ ಮಗುವಿಗಾಗಿ ಈಗ ಮೂರು ವರ್ಷಕ್ಕೂ ಮೇಲೆ ಕಾಯಬೇಕು. ಸರದಿಯಲ್ಲಿ ಅನಿವಾಸಿಗಳಿಗೂ ಇಲ್ಲಿನವರಿಗೂ ಒಂದೇ ಸ್ಥಾನ. ಶುಲ್ಕ ಸೊನ್ನೆ ಮಾಡಿದರೂ ಆ ಸರದಿ ಒಂದು ದಿನವೂ ಮೊಟಕಾಗದು, ಇನ್ನಷ್ಟು ಉದ್ದವಾಗುತ್ತದೆ.

ಕೊನೆಯ ಆಕ್ಷೇಪ ಎದುರು ದಿಕ್ಕಿನಿಂದ ಬಂತು, ಓದಿಕೊಂಡ ತರುಣಿಯೊಬ್ಬಳಿಂದ. ಇಷ್ಟು ಹಗರಣ, ಇಷ್ಟು ಖರ್ಚು ಇರುವಾಗ ಪರದೇಶಕ್ಕೆ ಕೊಡುವುದನ್ನೇ ನಿಲ್ಲಿಸಬಾರದೇಕೆ? ಇಥಿಯೋಪಿಯಾ 2018ರಲ್ಲಿ ನಿಲ್ಲಿಸಿತು, ಚೀನಾ 2024ರಲ್ಲಿ ನಿಲ್ಲಿಸಿತು, ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರಲ್ಲಿ ತನ್ನ ದೇಶದ ಹಳೆಯ ತಪ್ಪುಗಳನ್ನು ಬಯಲಿಗಿಟ್ಟಿತು. ಅವಳು ಹೇಳಿದ ಸಂಗತಿಗಳೆಲ್ಲ ಸರಿ. ಈ ವಾದಕ್ಕೆ ನನಗೆ ಗೌರವವಿದೆ, ಒಪ್ಪಿಗೆಯಿಲ್ಲ.

2023-24ರಲ್ಲಿ ಭಾರತದಲ್ಲಿ ಆದ 4,009 ದತ್ತುಗಳಲ್ಲಿ ಹೊರದೇಶಕ್ಕೆ ಹೋದವು 449. ಹೋದವರಲ್ಲಿ ದೊಡ್ಡ ಪಾಲು ಆರು, ಎಂಟು ವರ್ಷದ ಮಕ್ಕಳು, ಒಟ್ಟಿಗೇ ಇರಬೇಕಾದ ಅಣ್ಣತಂಗಿಯರು, ಹೃದಯದಲ್ಲಿ ರಂಧ್ರವಿದ್ದವರು, ಕಿವಿ ಕೇಳದವರು. ನಮ್ಮ ದಂಪತಿಗಳ ಮುಂದೆ ಇವರ ವಿವರ ಮೊದಲು ಬಂದು, ಯಾರೂ ಕೈಚಾಚದೆ ಮರಳಿ ಹೋಗಿರುತ್ತದೆ. ಬಣ್ಣ ಕಪ್ಪು, ಕಾಲು ಸೊಟ್ಟ, ವಯಸ್ಸು ಹೆಚ್ಚು ಎಂದು ನಾವು ಬಿಟ್ಟ ಮಗುವಿಗೆ ಬೇರೆ ಯಾರಾದರೂ ಅಪ್ಪ ಅಮ್ಮ ಆಗುತ್ತೇವೆಂದು ಬಂದರೆ ಬಾಗಿಲು ಹಾಕುವ ಹಕ್ಕು ನಮಗೆಲ್ಲಿಂದ ಬಂತು? ಚೀನಾ ಬಾಗಿಲು ಹಾಕಿದ ದಿನ, ದತ್ತು ಕುಟುಂಬದೊಂದಿಗೆ ಹೊಂದಿಕೆಯಾಗಿ, ಫೋಟೋ ನೋಡಿಕೊಂಡು ಕಾಯುತ್ತಿದ್ದ ಮಕ್ಕಳು ಅಲ್ಲಿಯೇ ಉಳಿದರು. ಅವರಲ್ಲಿಯೂ ಬಹಳ ಮಂದಿ ಚಿಕಿತ್ಸೆ ಬೇಕಾದವರು.

ನಾನು ಕೇಳುವುದು ಎರಡೇ. ಮೊದಲನೆಯದು ವೇಗ, ಆದರೆ ಪರಿಶೀಲನೆಯಲ್ಲಲ್ಲ, ಪರಿಶೀಲನೆ ಮುಗಿದ ಮೇಲೆ ಮೇಜಿನಿಂದ ಮೇಜಿಗೆ ಫೈಲು ಸಾಗುವಲ್ಲಿ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಯ ಕೈಗೆ ಬಂದಿದೆ, ಎರಡು ತಿಂಗಳಲ್ಲಿ ಕೊಡಬೇಕೆಂದು ನಿಯಮವೂ ಇದೆ. ಆ ಗಡುವು ಮೀರಿದ ಪ್ರತಿ ಪ್ರಕರಣಕ್ಕೂ ಕಾರಣ ಬರೆದು ಪ್ರಕಟಿಸಬೇಕು. ಹೊಂದಿಕೆಯಾದ ಮೇಲೆ ಕಳೆಯುವ ಒಂದೊಂದು ತಿಂಗಳೂ ಕಿವಿ ಕೇಳದ ಮಗುವಿಗೆ ಮಾತು ಕಲಿಯುವ ಕಾಲದಲ್ಲಿ ಖೋತಾ. ಎರಡನೆಯದು, ಪರದೇಶದ ಏಜೆನ್ಸಿಗಳು ಇಲ್ಲಿಯ ಸಂಸ್ಥೆಗಳಿಗೆ ಕೊಡುವ ದೇಣಿಗೆಯೂ ಸೇರಿದಂತೆ ಪೂರ್ತಿ ಲೆಕ್ಕವನ್ನು ಪ್ರತಿ ವರ್ಷ ಕಾರಾ ಬಹಿರಂಗಪಡಿಸಬೇಕು. ಬಾಲನ್ಯಾಯ ಕಾಯಿದೆಯ 81ನೆಯ ಕಲಮು ಮಗುವನ್ನು ಮಾರುವವರಿಗೂ ಕೊಳ್ಳುವವರಿಗೂ ಐದು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿ ದಂಡ ಹೇಳುತ್ತದೆ. ಹಾಗಾಗಿ ನಿಮ್ಮ ಮಗ ಫೋನಿನಲ್ಲಿ “ಅಪ್ಪಾ, ಅಲ್ಲಿ ಯಾರಿಗಾದರೂ ಸ್ವಲ್ಪ ಕೈಬಿಸಿ ಮಾಡಿದರೆ ಬೇಗ ಆಗುತ್ತದಂತೆ” ಎಂದರೆ ಈ ಕಲಮನ್ನು ಓದಿ ಹೇಳಿ. ಹಾಗೆಂದು ಅವನಿಗೆ ಹೇಳಿಕೊಟ್ಟವರ ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳಿ, ದೂರು ಕೊಡಲು ಬೇಕಾಗುತ್ತದೆ.